ಮನೆ ಇಲ್ಲಿ, ವೋಟು ಊರಲ್ಲಿ

ನಮ್ಮ ಹನ್ನೊಂದನೇ ವಾರ್ಡನ್ನು ತಿಳಿದುಕೊಳ್ಳಬೇಕೆಂದರೆ ಮಳೆಗಾಲದಲ್ಲಿ ಬರಬೇಕು, ಅದೂ ಬಿಳಿ ಧೋತರ ಉಟ್ಟುಕೊಂಡು ಬರಬೇಕು. ಹುಬ್ಬಳ್ಳಿ ರಸ್ತೆಯಲ್ಲಿ ಬಸ್ಸಿಳಿದು ಹಳೇ ಓಣಿಯೊಳಗೆ ನಡೆದರೆ ಕಾಲಿಗೆ ಕಾಂಕ್ರೀಟು ಸಿಗುತ್ತದೆ. ಬಾಜೂಕ್ಕೆ ಗಟಾರು, ಗಟಾರಿನ ಮೇಲೆ ಹಾಸಿದ ಕಲ್ಲು ಪರಸಿ. ಹಣಮಪ್ಪನ ಗುಡಿ ದಾಟಿ, ಹಿಟ್ಟಿನ ಗಿರಣಿ ದಾಟಿ ಮುಂದೆ ಬಂದರೆ ಒಂದು ಕಡೆ ಆ ಕಾಂಕ್ರೀಟು ಗೆರೆ ಕೊಯ್ದಂತೆ ನಿಂತುಬಿಡುತ್ತದೆ. ಅಲ್ಲಿಂದಾಚೆ ಎರಿ ಮಣ್ಣು. ಚಪ್ಪಲಿ ಅಲ್ಲೇ ಉಳಿಯುತ್ತದೆ, ಧೋತರ ಮೊಣಕಾಲಿನವರೆಗೆ ಕಪ್ಪಾಗುತ್ತದೆ. ಆ ಆಚೆಗಿರುವವರು ನಾವು. ಹಳೇ ಓಣಿಯವರು ನಮ್ಮನ್ನು ‘ಪ್ಲಾಟಿನವರು’ ಅನ್ನುತ್ತಾರೆ.

ವಾರ್ಡು ಒಂದೇ, ಮೆಂಬರು ಒಬ್ಬನೇ, ಮತದಾರರ ಪಟ್ಟಿಯೂ ಒಂದೇ. ಮತ್ತೆ ಕಾಂಕ್ರೀಟು ಅಲ್ಲಿಗೇ ಯಾಕೆ ನಿಂತಿತು ಎಂದು ಹೊಸಬರು ಕೇಳುತ್ತಾರೆ. ಹಳೇ ಓಣಿಯಲ್ಲಿ ಒಂದು ತಗಡಿನ ಮನೆಯೊಳಗೆ ಒಂಬತ್ತು ವೋಟು ಇರುತ್ತವೆ. ನಮ್ಮಲ್ಲಿ ಎರಡಂತಸ್ತಿನ ಮನೆ, ಮುಂದೆ ಕಬ್ಬಿಣದ ಗೇಟು, ಗೇಟಿನ ಮೇಲೆ ಹಿತ್ತಾಳೆಯ ಹೆಸರು. ಒಳಗೆ ಒಂದು ವೋಟೂ ಇಲ್ಲ. ಇಲ್ಲಿರುವವರೆಲ್ಲ ಬೇರೆ ಬೇರೆ ಊರಿನವರು. ದೇವಿಕೊಪ್ಪದಿಂದ ಬಂದ ಗೊಬ್ಬರದಂಗಡಿಯವ, ಬಮ್ಮಿಗಟ್ಟಿಯ ಕಂಡಕ್ಟರ, ಅಣ್ಣಿಗೇರಿ ಕಡೆಯ ಲೈನಮನ್ನು, ಅಳ್ನಾವರದಲ್ಲಿ ಇದ್ದು ನಿವೃತ್ತರಾದ ಮಾಸ್ತರರು. ಹೊಲ ಅಲ್ಲಿ, ಮನೆ ಇಲ್ಲಿ. ಮಕ್ಕಳ ಶಾಲೆ ಇಲ್ಲಿ, ಮನೆದೇವರು ಅಲ್ಲಿ. ವೋಟು ದೇವರ ಸಂಗಡ ಅಲ್ಲೇ ಉಳಿದಿತ್ತು.

ಹಳ್ಳಿಗಳ ಪಂಚಾಯತಿ ಚುನಾವಣೆಯ ದಿನ ನಮ್ಮ ಪ್ಲಾಟನ್ನು ನೋಡಬೇಕು. ಬೆಳಗಿನ ಚಹಾ ಆಗುವುದರೊಳಗೆ ಟ್ರ್ಯಾಕ್ಸು, ಟೆಂಪೋ ಬಂದು ಹಾರ್ನು ಹೊಡೆಯುತ್ತವೆ. “ಹತ್ರಿ ಯಜಮಾನ್ರ, ಹತ್ರಿ ಅಕ್ಕಾರ, ಮುಂದಿನ ಸೀಟ ನಿಮ್ಮ ಸಲುವಾಗಿ ಇಟ್ಟೇವಿ” ಎಂದು ಕರೆಯುತ್ತಾರೆ. ಹೆಂಗಸರು ಇಳಕಲ್ಲ ಸೀರೆ ಉಟ್ಟು ಹತ್ತುತ್ತಾರೆ. ಹತ್ತು ಗಂಟೆಗೆ ನಮ್ಮ ಸಾಲಿನಲ್ಲಿ ಕೀಲಿಗಳಷ್ಟೇ ಕಾಣುತ್ತವೆ. ಇಲ್ಲಿಯ ವಾರ್ಡಿನ ಚುನಾವಣೆ ಬಂತೆಂದರೆ ಅದು ರಜೆಯ ದಿನ. ಗಂಡಸರು ಅಂಗಳದಲ್ಲಿ ಮೋಟಾರ್ ಸೈಕಲ್ಲು ತೊಳೆಯುತ್ತಾರೆ. ಅಭ್ಯರ್ಥಿಯ ಆಟೋ ಮೈಕಿನಲ್ಲಿ ಕೂಗುತ್ತ ಕಾಂಕ್ರೀಟು ಮುಗಿಯುವಲ್ಲಿಗೆ ಬಂದು, ಹೊರಳಿಸಿಕೊಂಡು ಹೋಗಿಬಿಡುತ್ತದೆ.

ಹೀಗಾಗಲು ಮುಖ್ಯ ಕಾರಣ ನಾನು. ಇದನ್ನು ಬೇರೆಯವರು ಬರೆಯುವ ಮೊದಲು ನಾನೇ ಬರೆದುಬಿಡುವುದು ಒಳ್ಳೆಯದು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಎತ್ತಿನ ಸಂತೆಯಲ್ಲಿ ದಲ್ಲಾಳಿಯಾದೆ. ಅಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೈಯ ಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಹೇಳುವುದು. ಮಾರುವವನಿಗೆ ಒಂದು ಬೆರಳು, ಕೊಳ್ಳುವವನಿಗೆ ಇನ್ನೊಂದು. ಇಬ್ಬರಿಗೂ ಆಸೆ ಉಳಿಯಬೇಕು, ಕೊನೆಯ ತನಕ ನಮ್ಮ ಕೈ ಯಾರಿಗೂ ಕಾಣಬಾರದು. ಎತ್ತು ಕಡಿಮೆಯಾದ ಮೇಲೆ ಹಳೆಯ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ನಂತರ ಪ್ಲಾಟು. ಈ ಬಡಾವಣೆಯ ಅರ್ಧಕ್ಕರ್ಧ ಪ್ಲಾಟುಗಳ ವ್ಯವಹಾರ ಕುದುರಿಸಿದವನು ನಾನೇ. ಕೊಳ್ಳಲು ಬಂದವರಿಗೆ ಹಳ್ಳದ ದಂಡೆಯ ಗಾಯರಾಣವನ್ನು, ಅಂದರೆ ದನ ಮೇಯಲು ಬಿಟ್ಟ ಸರಕಾರಿ ಜಾಗವನ್ನು, ಕೈ ಮಾಡಿ ತೋರಿಸುತ್ತಿದ್ದೆ. “ನೋಡ್ರಿ, ಗಾಳಿ ಅಗದಿ ಚೊಲೋ ಬರ್ತೈತಿ. ಬಾಜೂಕ ಸುಡುಗಾಡ ಇಲ್ಲ, ಏನಿಲ್ಲ.”

ವ್ಯವಹಾರ ಮುಗಿದ ಮೇಲೆ ಒಂದು ಮಾತು ಪುಕ್ಕಟೆ ಹೇಳುತ್ತಿದ್ದೆ. “ಮನಿ ಕಟ್ರಿ, ಇರ್ರಿ. ಆದ್ರ ವೋಟ ಮಾತ್ರ ಊರಾಗ ಇಡ್ರಿ. ಪ್ಯಾಟ್ಯಾಗ ನಿಮ್ಮ ವೋಟ ಸಮುದ್ರದಾಗ ಉಪ್ಪ ಚೆಲ್ಲಿದಂಗ. ಊರಾಗ ಒಂದ ವೋಟಿಗೆ ಮೆಂಬರ ಸೋಲ್ತಾನ, ಗೆಲ್ತಾನ. ಬೆಳಿಹಾನಿ ಯಾದಿ ಬರೀವಾಗ, ಸೊಸೈಟ್ಯಾಗ ಗೊಬ್ಬರ ಹಂಚುವಾಗ ನಿಮ್ಮ ಹೆಸರ ನೆನಪ ಇರ್ತೈತಿ.” ತಪ್ಪು ಸಲಹೆ ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಒಬ್ಬೊಬ್ಬರಿಗೆ ಹೇಳಿದಾಗ ಅದು ಸರಿಯಾಗಿಯೇ ಇತ್ತು. ಎಲ್ಲರೂ ಕೇಳಿದ್ದರಿಂದ ಕೆಟ್ಟಿತು.

ಇನ್ನು ನನ್ನ ಹೆಂಡತಿಯ ವಿಷಯ. ಅವಳಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಮಷೀನಿಗೆ ಮಲಗಿ ಬರುತ್ತಿದ್ದೆವು. ಕಾಂಕ್ರೀಟು ಮುಗಿಯುವಲ್ಲಿ ಆಟೋದವ ಇಳಿಸಿಬಿಡುತ್ತಿದ್ದ. ಮುಂದಿನ ಆರುನೂರು ಹೆಜ್ಜೆ ಅವಳು ನನ್ನ ಹೆಗಲು ಹಿಡಿದು ನಡೆಯಬೇಕು. ಒಂದು ದಿನ ಹೀಗೆ ನಡೆಯುತ್ತ ಗಾಯರಾಣದ ಜಾಲಿಕಂಟಿಯ ಹತ್ತಿರ ನಿಂತಳು. ದಣಿವಿಗೆ ನಿಂತಳೆಂದು ತಿಳಿದೆ.

“ನನ್ನ ಇಲ್ಲೇ ಮಣ್ಣ ಕೊಡ್ರಿ” ಅಂದಳು.

“ಏನ್ ಮಾತಾಡ್ತಿ ಬೇ? ಇನ್ನಾ ಮೊಮ್ಮಗಳ ಮದವಿ ಮಾಡಬೇಕಾಗೈತಿ.”

“ಮದವಿ ನೀವ ಮಾಡ್ರಿ. ನಾ ಹೇಳಿದ್ದ ಕೇಳ್ರಿ. ಊರಿಗೆ ಒಯ್ಯಬ್ಯಾಡ್ರಿ. ಅಕಿ ಕಣ್ಣ ಮುಂದ ನನ್ನ ಇಳಸಬ್ಯಾಡ್ರಿ.”

‘ಅಕಿ’ ಅಂದರೆ ನನ್ನ ಅಣ್ಣನ ಹೆಂಡತಿ, ಇವಳ ನೆಗೆಣ್ಣಿ. ಹದಿನೆಂಟು ವರ್ಷದ ಹಿಂದೆ ನಾವು ಅಣ್ಣ ತಮ್ಮಂದಿರು ಪಾಲಾದೆವು. ನಾನು ನನ್ನ ಪಾಲಿನ ಹೊಲವನ್ನು ಮಾರಲು ನಿಂತಾಗ ಅಣ್ಣ ತನಗೇ ಕೊಡು ಅಂದ. ನಾನು ದಲ್ಲಾಳಿ, ಹೆಚ್ಚಿಗೆ ಕೊಡುವವನು ಬೇರೆಯವನಿದ್ದ, ಅವನಿಗೆ ಕೊಟ್ಟೆ. ಆ ದಿನ ಅತ್ತಿಗೆ ಅಂಗಳದಲ್ಲಿ ನಿಂತು ನನಗೆ ಏನೂ ಅನ್ನಲಿಲ್ಲ. ಬುತ್ತಿ ಕಟ್ಟುತ್ತಿದ್ದ ನನ್ನ ಹೆಂಡತಿಗೆ ಅಂದಳು: “ಹೊಲಾ ಮಾರಕೊಂಡ ಹೊಂಟೀಯಲ್ಲವಾ, ನಾಳೆ ನಿನ್ನ ಹೆಣಾ ಇಡಾಕ ಈ ಊರಾಗ ಮೊಳ ಜಾಗಾ ಕೇಳಬ್ಯಾಡ.” ಹೊಲ ಮಾರಿದವನು ನಾನು, ಮಾತು ತಿಂದವಳು ಇವಳು. ಆಮೇಲೆ ಹಬ್ಬ ಹುಣ್ಣಿಮೆಗೆ ಹೋಗುತ್ತ ಬರುತ್ತ ಇದ್ದೆವು. ಇಬ್ಬರೂ ನಕ್ಕು ಮಾತಾಡುತ್ತಿದ್ದರು. ಆ ಮಾತನ್ನು ಮಾತ್ರ ಇವಳು ಮರೆತಿರಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ. ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಕೊಡುತ್ತೇವೆ. ಹೊಲವಿದ್ದವರು ತಮ್ಮ ಹೊಲದಲ್ಲಿ, ಇಲ್ಲದವರು ಊರಿನ ರುದ್ರಭೂಮಿಯಲ್ಲಿ. ಹಳೇ ಓಣಿಯವರ ರುದ್ರಭೂಮಿ ಇದೆ. ಕೇಳಲು ಹೋದೆ. ಅಲ್ಲಿಯ ಹಿರಿಯರು ಕೂಡಿಸಿ ಚಹಾ ಕೊಟ್ಟರು. “ನಮ್ಮ ಮನಿತನದವರಿಗೇ ಒಬ್ಬರ ಮ್ಯಾಲೆ ಒಬ್ಬರನ್ನ ಕೂಡಸೂ ಪಾಳಿ ಬಂದೈತ್ರಿ. ಪ್ಲಾಟಿನವರಿಗೆ ಎಲ್ಲಿಂದ ಕೊಡೂಣು?” ಅಂದರು. ಗೋಡೆಯಾಚೆ ನಾನೇ ನೋಡಿದೆ. ಅವರು ಸುಳ್ಳು ಹೇಳಿರಲಿಲ್ಲ. ಖಾಸಗಿ ಹೊಲದ ಒಂದು ಮೂಲೆ ಕೊಂಡರಾಯಿತೆಂದು ಸುತ್ತಾಡಿದೆ. ಮೂವತ್ತು ವರ್ಷ ಎಲ್ಲವನ್ನೂ ಕೊಡಿಸಿದವನಿಗೆ ಒಂದು ಹೆಣ್ಣುಮಗಳು ಕೂಡುವಷ್ಟು ನೆಲ ಸಿಗಲಿಲ್ಲ. ಹೆಣ ಹೂಳಲು ಅಂತ ಗೊತ್ತಾದ ಮೇಲೆ ಯಾರೂ ಹೊಲದ ಮಾತೇ ಆಡುವುದಿಲ್ಲ.

ಉಳಿದದ್ದು ಗಾಯರಾಣ. ಅದರ ಒಂದು ತುಂಡನ್ನು ಪ್ಲಾಟಿನವರ ರುದ್ರಭೂಮಿಗೆ ಬಿಡಿಸಿಕೊಳ್ಳಬೇಕು. ಅದಕ್ಕೆ ಮೆಂಬರು ಸಭೆಯಲ್ಲಿ ಠರಾವು ಮಾಡಿಸಬೇಕು. ಮೆಂಬರಿನ ಸಿಮೆಂಟಿನ ಅಂಗಡಿಗೆ ಹೋದೆ. ಅವನು ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಬಾಯಿ ಒರಟು, ಆದರೆ ಸುಳ್ಳುಗಾರನಲ್ಲ. ಸುಳ್ಳುಗಾರನಾಗಿದ್ದರೆ ಚೌಕಾಸಿ ಮಾಡಲು ಸುಲಭವಾಗುತ್ತಿತ್ತು.

“ಕಾಕಾ, ನಿಮ್ಮ ಪ್ಲಾಟಿನಾಗ ಮನಿ ಎಷ್ಟದಾವ?”

“ಇನ್ನೂರರ ಮ್ಯಾಲೆ.”

“ವೋಟ ಎಷ್ಟ?”

ಅವನೇ ಪಟ್ಟಿ ತೆಗೆದು ಬೆರಳು ಓಡಿಸಿದ.

“ನಲವತ್ತೊಂದ. ಅದರಾಗ ಇಬ್ಬರು ತೀರಿಕೊಂಡಾರ. ಎತ್ತಿನ ವ್ಯಾಪಾರ ಮಾಡಿದವರು ನೀವು, ನೀವ ಹೇಳ್ರಿ. ಗೊಡ್ಡ ಎಮ್ಮಿಗೆ ಹಿಂಡಿ ಯಾರ ಹಾಕ್ತಾರ್ರಿ?”

“ಹಿಂಡಿ ಹಾಕಿದ್ರ ಹಿಂಡತೈತೋ ಇಲ್ಲೋ ಗೊತ್ತಾಗೂದು, ಸಾಹೇಬ್ರ.”

“ಅದು ಎಮ್ಮಿ ಮಾರವರ ಮಾತು. ಕೊಳ್ಳವರು ಮೊದಲ ಕೆಚ್ಚಲಾ ಮುಟ್ಟಿ ನೋಡ್ತಾರ.” ಸುತ್ತ ಕೂತವರು ನಕ್ಕರು. ಆಮೇಲೆ ಅವನು ದನಿ ಇಳಿಸಿದ. “ನಮ್ಮ ಓಣಿ ಮಂದಿ ಅದ ಜಾಗಾದಾಗ ಸಮುದಾಯ ಭವನ ಕೇಳ್ಯಾರ. ನಾ ಇನ್ನಾ ಹೂಂ ಅಂದಿಲ್ಲ. ಪಟ್ಟಿ ತಿದ್ದೂ ಕೆಲಸ ಈಗ ನಡದೈತಿ, ಇನ್ನ ಒಂದೂವರಿ ತಿಂಗಳ ಐತಿ. ಅಷ್ಟ್ರಾಗ ಇನ್ನೂರ ಹೆಸರು ಊರಿಂದ ಇಲ್ಲಿಗೆ ಬರಲಿ. ಪಟ್ಟಿ ಕೈಯಾಗ ಹಿಡದ ಬರ್ರಿ, ಠರಾವು ನಾ ಮಾಡಸ್ತೀನಿ. ಆಣಿ ಬೇಕಂದ್ರ ಆಣಿ ಮಾಡ್ತೀನಿ.”

ಆಣೆ ಬೇಡ ಅಂದೆ. ಇಷ್ಟು ಸ್ವಚ್ಛವಾದ ವ್ಯವಹಾರ ನನಗೆ ಬಹಳ ದಿನಗಳಿಂದ ಸಿಕ್ಕಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹಾಸಿಗೆಯಲ್ಲಿ ಎದ್ದು ಕೂತಳು. “ಹಂಗಾರ ಮೊದಲ ನಮ್ಮಿಬ್ಬರ ಹೆಸರಾ ಬರಕೊಡ್ರಿ” ಅಂದಳು.

“ಕೊಡೂಣು” ಅಂದೆ.

ಮಾಸ್ತರರು ಫಾರ್ಮುಗಳನ್ನು ತಂದರು. ಬಡಾವಣೆಯಲ್ಲಿ ವೋಟು ಇಲ್ಲಿಗೇ ಮಾಡಿಕೊಂಡಿದ್ದ ಕೆಲವರಲ್ಲಿ ಅವರೊಬ್ಬರು. ನನ್ನ ಸಲಹೆಯನ್ನು ಕೇಳದ ಮನುಷ್ಯ. ನಾವಿಬ್ಬರೂ ಮನೆ ಮನೆ ತಿರುಗಿದೆವು. ಗೊಬ್ಬರದಂಗಡಿಯವನ ಮನೆಯಿಂದ ಶುರು ಮಾಡಿದೆವು.

“ಕಾಕಾ, ವೋಟ ಊರಾಗ ಇಡು ಅಂದವರು ನೀವ ಅಲ್ಲೇನ್ರಿ?”

“ಅವಾಗ ಅಂದಿದ್ದೆ. ಈಗ ಕಾಲ ಬದಲಾಗೈತಿ.”

“ಕಾಲ ಬದಲಾಗೈತೋ, ನಿಮ್ಮ ಗರಜ ಬದಲಾಗೈತೋ?” ಅವನ ಹೆಂಡತಿ ಒಳಗಿನಿಂದ ನಕ್ಕಳು. ಅವನೂ ನಕ್ಕ. ಫಾರ್ಮು ಇಸಿದುಕೊಂಡು ಟಿವಿಯ ಮೇಲಿಟ್ಟ.

ಕಂಡಕ್ಟರನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿದಳು. “ನಮ್ಮ ಮನ್ಯಾಗ ಏಳ ವೋಟ ಊರಾಗ ಅದಾವ್ರಿ. ಒಂದ ಕಡಿಮಿ ಆತಂದ್ರ ನಮ್ಮ ಮಾವ ಊಟಾ ಬಿಡ್ತಾರ. ಏಳ ವೋಟಿನ ಮನಿ ಅಂತನ ಅವರಿಗೆ ಕಟ್ಟಿ ಮ್ಯಾಲೆ ಜಾಗಾ ಐತಿ.”

ಲೈನಮನ್ನಿನ ತಾಯಿ ರುದ್ರಭೂಮಿಯ ಹೆಸರು ಕೇಳಿದ ಕೂಡಲೇ ಕಿವಿ ಮುಚ್ಚಿಕೊಂಡಳು. “ಹೊಸಾ ಮನಿ, ತೋರಣ ಇನ್ನಾ ಬಾಡಿಲ್ಲ. ಶುಭ ಮಾತಾಡಪಾ.” ಹಳ್ಳದ ದಂಡೆಯ ಸಾಲಿನವರಂತೂ ಜಗಳಕ್ಕೇ ಬಂದರು. ಅವರಲ್ಲೊಬ್ಬ, ನನ್ನ ಕೈಯಿಂದಲೇ ಪ್ಲಾಟು ಕೊಂಡವನು, ಬೆರಳು ತೋರಿಸಿ ಕೇಳಿದ: “ಇಲ್ಲೇ ನಿಂತು, ಬಾಜೂಕ ಸುಡುಗಾಡ ಇಲ್ಲ ಅಂತ ಹೇಳಿದ್ದು ಯಾರ್ರಿ? ಈಗ ನೀವ ತಂದ ಇಡ್ತೀರೇನು?”

ಇಂಥ ಮಾತಿಗೆಲ್ಲ ನಾನು ಹೆದರುವವನಲ್ಲ. ನಿಮಗೂ ಹೇಳುತ್ತೇನೆ, ಯಾರಾದರೂ ಮೊದಲ ಸಲ ‘ಇಲ್ಲ’ ಅಂದರೆ ಅದು ಉತ್ತರವಲ್ಲ, ಮಾತು ಶುರುವಾದ ಗುರುತು. ಎರಡನೇ ಸಲ ಹೋದೆ. ಮೂರನೇ ಸಲ ಮಾಸ್ತರರನ್ನು ಮನೆಯಲ್ಲಿ ಬಿಟ್ಟು ಹೆಂಡತಿಯನ್ನೇ ಕರೆದುಕೊಂಡು ಹೋದೆ. ಅವಳ ಕೈಯ ಮೇಲೆ ಸೂಜಿಯ ಗಂಟುಗಳಿದ್ದವು. ಅವಳು ಏನೂ ಕೇಳಲಿಲ್ಲ, ಚಹಾ ಬೇಡ ನೀರು ಬೇಡ ಅಂದು ಕೂತಳು, ಅಷ್ಟೇ. ಅದನ್ನು ನೋಡಿ ಜನ ಮೆತ್ತಗಾದರು. ಕಂಡಕ್ಟರನ ಹೆಂಡತಿ ತನ್ನದೊಂದು ಹೆಸರನ್ನು ಬರೆದು ಕೊಟ್ಟಳು. “ಆರ ಅದಾವ ಅಂತ ಮಾವಗ ಗೊತ್ತಾಗೂದ್ರಾಗ ಚುನಾವಣಿ ಮುಗದಿರ್ತೈತಿ ಬಿಡ್ರಿ” ಅಂದಳು. ತಿಂಗಳು ಮುಗಿಯುವ ಹೊತ್ತಿಗೆ ಮಾಸ್ತರರ ಚೀಲದಲ್ಲಿ ನೂರರ ಹತ್ತಿರ ಫಾರ್ಮುಗಳು ತುಂಬಿದವು. ಉಳಿದ ಜನ ಬರುವ ಐತವಾರ ಗಣಪತಿಯ ಪೆಂಡಾಲು ಹಾಕುವ ಬಯಲಿನಲ್ಲಿ ಕೂಡಿ ತೀರ್ಮಾನ ಮಾಡುವುದಾಗಿ ಒಪ್ಪಿದರು. ಆ ವಾರ ಹೆಂಡತಿ ಎರಡು ರೊಟ್ಟಿ ಉಂಡಳು.

ಈಗ ನಾನು ಮಾಡಿದ್ದನ್ನು ಹೇಳಬೇಕು.

ನಮ್ಮಿಬ್ಬರ ಫಾರ್ಮು ನಾನು ಕೊಟ್ಟಿರಲಿಲ್ಲ. ಬರೆದಿದ್ದೆ, ಇವಳ ಸಹಿಯೂ ಆಗಿತ್ತು, ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಕಾರಣ ಇಷ್ಟು. ನಮ್ಮೂರಿನ ಪಂಚಾಯತಿ ಚುನಾವಣೆ ಅದೇ ದಿನಗಳಲ್ಲಿ ಬರುವುದಿತ್ತು, ಅಣ್ಣ ನಿಂತಿದ್ದ. ನಮ್ಮ ಎರಡು ವೋಟು ಅಲ್ಲಿದ್ದರೆ ಅಣ್ಣನ ಮೇಲೆ ನನ್ನ ಋಣ ಒಂದು ಉಳಿಯುತ್ತದೆ. ಇಲ್ಲಿಯ ಕೆಲಸ ಆಗದೇ ಹೋದರೆ, ನಾಳೆ ಅವನ ಹೊಲದಲ್ಲಿ ಜಾಗ ಕೇಳಲು ಒಂದು ಬಾಯಿ ಇರುತ್ತದೆ. ಇಲ್ಲಿಯ ಕೆಲಸ ಆದರೆ, ಕೊನೆಯ ದಿನ ಫಾರ್ಮು ಕೊಟ್ಟರಾಯಿತು. ಎರಡೂ ಕಡೆ ಒಂದೊಂದು ಬೆರಳು. ಇವಳಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಏನನ್ನುತ್ತಿದ್ದಳೆಂದು ಗೊತ್ತಿತ್ತು.

ಐತವಾರ ಜನ ಕೂಡಿದರು. ನಾನು ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. “ನಮ್ಮ ಪ್ಲಾಟಿಗೆ ಗಟಾರ ಇಲ್ಲ, ದೀಪ ಇಲ್ಲ, ಸತ್ರ ಮಣ್ಣಿಲ್ಲ. ಎದಕ? ನಮ್ಮ ಹೆಸರ ಇಲ್ಲಿಲ್ಲ. ಹೆಸರ ಇಲ್ಲದವರಿಗೆ ಸರಕಾರ ಇಲ್ಲ” ಅಂದೆ. ಕೆಲವರು ತಲೆಯಾಡಿಸಿದರು. ಆಗ ಹಳ್ಳದ ದಂಡೆಯ ಆ ಮನುಷ್ಯ ಎದ್ದು ನಿಂತ.

“ಎಲ್ಲಾರ ಫಾರ್ಮ ಇಸಕೊಂಡ್ರಿ, ಚೊಲೋ ಆತು. ನಿಮ್ಮದ ಕೊಟ್ಟೀರೇನ್ರಿ?”

“ಕೊಟ್ಟಂಗ.”

“ಕೊಟ್ಟಂಗ ಅಂದ್ರ? ಮಾಸ್ತರ ಚೀಲದಾಗ ಐತೇನು? ತಗದ ತೋರಸ್ರಿ.”

ಮಾಸ್ತರರು ಚೀಲ ಬಿಚ್ಚಿದರು. ಪಾಪ, ನನ್ನ ಮೇಲಿನ ನಂಬಿಕೆಯಿಂದಲೇ ಬಿಚ್ಚಿದರು. ಒಂದೊಂದೇ ಹಾಳೆಯನ್ನು ಹೊರಳಿಸಿದರು. ಮುಗಿಯುವ ಹೊತ್ತಿಗೆ ಅವರು ನನ್ನ ಮುಖ ನೋಡುವುದನ್ನು ಬಿಟ್ಟಿದ್ದರು. ನಾನು ಕಿಸೆಯಿಂದ ತೆಗೆದೆ. ಮಡಿಚಿ ಮಡಿಚಿ ಕಾಗದದ ಮಡಿಕೆಯಲ್ಲಿ ಬೆವರಿನ ಕಲೆ ಮೂಡಿತ್ತು; ಎಷ್ಟು ದಿನದಿಂದ ಅಲ್ಲಿತ್ತೆಂದು ಎಲ್ಲರಿಗೂ ಕಾಣುವಂತಿತ್ತು.

“ತಂದ ಮರತಿದ್ದೆ” ಅಂದೆ.

“ಕಾಕಾ, ನೀವು ಮರಿಯೂ ಪೈಕಿ ಅಲ್ಲ” ಅಂದ ಗೊಬ್ಬರದಂಗಡಿಯವ. ಬೈಯಲಿಲ್ಲ, ಮೆಚ್ಚಿಕೊಂಡೇ ಅಂದ. “ಊರಾಗ ಅಣ್ಣ ನಿಂತಾನ. ವೋಟ ಅಲ್ಲೇ ಇಟ್ಟೀರಿ. ಶಾಣೇತನ ಅಂದ್ರ ಇದ. ನಾವೂ ಅಷ್ಟ ಶಾಣ್ಯಾರಾಗೂಣು, ತಗೋರಿ.” ಅವನು ಮಾಸ್ತರರ ಕೈಯಿಂದ ತನ್ನ ಮನೆಯ ಫಾರ್ಮುಗಳನ್ನು ಎಳೆದುಕೊಂಡ. ಆಮೇಲೆ ಒಬ್ಬೊಬ್ಬರೇ. ಕಂಡಕ್ಟರನ ಹೆಂಡತಿ ತನ್ನದನ್ನು ತೆಗೆದುಕೊಳ್ಳುವಾಗ “ತಪ್ಪ ತಿಳೀಬ್ಯಾಡ್ರಿ” ಅಂದಳು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ.

ನನ್ನ ಹೆಂಡತಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ದೂರದಿಂದ ನೋಡುತ್ತಿದ್ದಳು. ಮಾತು ಅವಳಿಗೆ ಕೇಳಿಸಿರಲಿಕ್ಕಿಲ್ಲ, ಜನ ಕಾಗದ ಹಿಡಿದುಕೊಂಡು ಮನೆಗೆ ಹೋಗುವುದು ಕಂಡಿರಬೇಕು. ನಾನು ಒಳಗೆ ಬಂದಾಗ “ನಮ್ಮದ ಕೊಟ್ಟಿರಲಿಲ್ಲೇನ್ರಿ?” ಅಂದಳು.

“ಎರಡೂ ಕಡೆ ನೋಡಬೇಕಾಗ್ತೈತಿ...” ಅಂತ ಶುರು ಮಾಡಿದೆ.

“ನಾ ಒಂದ ಕಡೆ ಹೇಳಿದ್ದೆ” ಅಂದಳು. ಅವಳು ಹೆಚ್ಚಿಗೆ ಆಡಲಿ ಎಂದು ನಾನು ಎಷ್ಟೋ ದಿನ ಕಾದೆ. ಹುಬ್ಬಳ್ಳಿಗೆ ಹೋಗುವಾಗ ಬರುವಾಗ ಹೆಗಲು ಹಿಡಿಯುತ್ತಿದ್ದಳು; ಗಾಯರಾಣದ ಹತ್ತಿರ ಮಾತ್ರ ನಿಲ್ಲುತ್ತಿರಲಿಲ್ಲ.

ಪಟ್ಟಿ ಮುಗಿಯುವ ದಿನ ಮೆಂಬರಿನ ಅಂಗಡಿಗೆ ಹೋದೆ. ಹದಿನೆಂಟು ಹೆಸರು ಒಯ್ದಿದ್ದೆ, ನಮ್ಮಿಬ್ಬರದೂ ಸೇರಿ. ನಮ್ಮದನ್ನು ಕೊನೆಗೂ ಕೊಟ್ಟಿದ್ದೆ. ಅವನು ನೋಡಿ ಕುರ್ಚಿ ಎಳೆದು ಕೊಟ್ಟ. “ಕಾಕಾ, ನಾ ಮಾತಿನವ. ಇನ್ನೂರ ಅಂದಿದ್ದೆ. ಇದನ್ನ ಹಿಡದ ನಾ ನಮ್ಮ ಓಣ್ಯಾಗ ಏನಂತ ಮುಖಾ ತೋರಸಲಿ?” ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಆ ವರ್ಷ ಗಾಯರಾಣದ ಜಾಲಿ ಕಡಿದರು. ಸಮುದಾಯ ಭವನದ ಬುನಾದಿಗೆ ಜೆಸಿಬಿ ಬಂತು. ಜೆಸಿಬಿ ಬರಬೇಕಲ್ಲ ಎಂದು ನಮ್ಮ ರಸ್ತೆಗೆ ನಾಲ್ಕು ಟ್ರಿಪ್ಪು ಗರಸು ಮಣ್ಣು ಹಾಕಿಸಿದರು. ಆಟೋ ನಮ್ಮ ಬಾಗಿಲಿನವರೆಗೆ ಬರಲಿಕ್ಕೆ ಹತ್ತಿತು.

ಅವಳು ಶ್ರಾವಣ ಮುಗಿದ ವಾರ ತೀರಿಕೊಂಡಳು. ಬೆಳಗಿನ ಹೊತ್ತು, ಹುಬ್ಬಳ್ಳಿಗೆ ಹೊರಟು ಜಡೆ ಹೆಣೆದುಕೊಳ್ಳುತ್ತಿದ್ದವಳು ಅಲ್ಲೇ ಗೋಡೆಗೆ ಒರಗಿದಳು. ಮಗಳು ಕುಂದಗೋಳದಿಂದ ಬಂದಳು. ಕ್ರಿಯೆ ಮಾಡಿಸುವ ಅಯ್ಯನವರು ಬಂದರು. “ಎಲ್ಲಿ ಮಾಡ್ತೀರಿ?” ಎಂದು ಅವರು ಕೇಳಿದಾಗ ಅಂಗಳದಲ್ಲಿ ನಿಂತ ಪ್ಲಾಟಿನವರೆಲ್ಲ ನೆಲ ನೋಡಿದರು. ನಾನು ಮೊಬೈಲು ತೆಗೆದುಕೊಂಡು ಗೇಟಿನ ಹೊರಗೆ ಹೋಗಿ ಅಣ್ಣನಿಗೆ ಹಚ್ಚಿದೆ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕುವ ಮನುಷ್ಯ ನಾನು. ಆ ದಿನ ನನ್ನಲ್ಲಿ ಏನೂ ಇರಲಿಲ್ಲ. ವೋಟು ಕಿತ್ತುಕೊಂಡು ಬಂದಿದ್ದೆ, ಅಣ್ಣ ಸೋತಿದ್ದ, ಅದೂ ಬೆರಳೆಣಿಕೆಯ ವೋಟಿನಿಂದ.

“ಅಣ್ಣಾ, ಇಕಿ ಹೋದಳು. ನಿನ್ನ ಹೊಲದಾಗ...” ಅಂದೆ.

ಅವನು ನನ್ನನ್ನು ಪೂರ್ತಿ ಮಾತಾಡಲು ಬಿಡಲಿಲ್ಲ. “ಕೇಳ್ತಾರೇನ್ಲೇ ಇದನ್ನ? ಅವ್ವನ ಬಾಜೂಕ ಕುಣಿ ತಗಸ್ತೀನಿ. ನೀ ಜೋಪಾನ ತಗೊಂಡ ಬಾ” ಅಂದ.

“ವೋಟಿಂದು ಮನಸಿನಾಗ ಇಟ್ಕೋಬ್ಯಾಡ...”

“ಯಾವ ವೋಟೋ ಮಾರಾಯಾ? ನೀ ಇಲ್ಲಿ ಇಟ್ಟಿದ್ದ್ಯೋ, ಅಲ್ಲಿಗೆ ಒಯ್ದಿದ್ದ್ಯೋ ಯಾರ ನೋಡ್ಯಾರ? ಬಿಸಲ ಏರೂದ್ರಾಗ ಹೊಂಡು.”

ಕೇಳಿದ್ದರೆ ಯಾವತ್ತಿದ್ದರೂ ಸಿಗುತ್ತಿದ್ದ ಜಾಗ ಅದು. ಅದನ್ನು ಕಾಯ್ದಿಡಲು ನಾನು ಏನೂ ಮಾಡಬೇಕಾಗಿರಲಿಲ್ಲ. ಅದಕ್ಕಾಗಿ ಕಿಸೆಯಲ್ಲಿಟ್ಟುಕೊಂಡ ಕಾಗದದಿಂದ ಕಳೆದದ್ದು, ಅವಳು ಬೇಡಿದ ಜಾಗ.

ಊರ ಮುಂದೆ ಟ್ರ್ಯಾಕ್ಸು ನಿಂತಾಗ ಮೊದಲು ಬಂದವಳು ಅತ್ತಿಗೆ. ತಲೆಯ ಮೇಲೆ ಸೆರಗು ಹೊದ್ದು, ತುಂಬಿದ ಕೊಡ ಹಿಡಿದಿದ್ದಳು. ಯಾರೂ ಹೇಳದೆಯೇ ಅವಳೇ ಮೀಸಿದಳು, ಅವಳೇ ಹೊಸ ಸೀರೆ ಉಡಿಸಿದಳು, ಹಣೆಗೆ ವಿಭೂತಿ ಹಚ್ಚಿದಳು. “ತಂಗಿ, ಎಷ್ಟ ಹಗರ ಆಗೀಯಬೇ” ಎಂದು ಅತ್ತಳು. ಖರೆ ಅಳು. ಹದಿನೆಂಟು ವರ್ಷದ ಹಿಂದೆ ತಾನು ಅಂದ ಮಾತು ಅವಳಿಗೆ ನೆನಪಿರಲಿಕ್ಕೇ ಇಲ್ಲ. ನೆನಪಿದ್ದವಳು ಒಬ್ಬಳೇ, ಅವಳನ್ನು ನಾನು ಆ ಕಣ್ಣ ಮುಂದೆಯೇ ಇಳಿಸಿದ್ದೆ. ಮಗಳು “ಅಪ್ಪಾ, ದೊಡ್ಡವ್ವ ಎಷ್ಟ ಚೊಲೋ ನೋಡಿಕೊಂಡಳು” ಅಂದಾಗ ನಾನು ಹೂಂ ಅಂದೆ. ತಾಯಿಯ ಮಾತನ್ನು ಅವಳಿಗೆ ಇನ್ನೂ ಹೇಳಿಲ್ಲ.

ಸಲಹೆ ಕೇಳಲು ಈಗಲೂ ಪ್ಲಾಟಿನವರು ಬರುತ್ತಾರೆ. ಮನೆ ಯಾವ ಮುಖಕ್ಕೆ ಕಟ್ಟಬೇಕು, ಬೋರು ಎಲ್ಲಿ ಹಾಕಿಸಬೇಕು, ಎಲ್ಲ ಹೇಳುತ್ತೇನೆ. ವೋಟಿನ ಮಾತು ಬಂದರೆ, ನೀವು ಇರುವಲ್ಲಿ ಇಡಿ, ಮೊದಲು ನಿಮ್ಮ ಕಾಗದ ಕೊಟ್ಟು ಆಮೇಲೆ ಇನ್ನೊಬ್ಬರದು ಕೇಳಿ ಅನ್ನುತ್ತೇನೆ. ಅವರು ನಕ್ಕು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದರ ಹಿಂದೆ ನನ್ನದೇನೋ ಗರಜು ಇದೆ ಎಂದು ತಿಳಿದು, ವೋಟನ್ನು ಊರಲ್ಲೇ ಇಡುತ್ತಾರೆ.

ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅತ್ತಿಗೆ ಎಡೆ ತಂದಿದ್ದಳು. ಅಣ್ಣ ಕಡಲೆ ಬಿತ್ತಲು ಹೊಲ ಹರಗಿದ್ದ. ನನ್ನ ಹೆಂಡತಿಯನ್ನು ಕೂಡಿಸಿದ ಜಾಗದ ಸುತ್ತ ಒಂದು ಮಾರು ನೆಲ ಬಿಟ್ಟು, ಬದುವಿನ ಕಲ್ಲು ಜೋಡಿಸಿದ್ದ. ನನ್ನನ್ನು ಸಮಾಧಾನ ಮಾಡಲೆಂದು, ಆ ಕಲ್ಲಿನಾಚೆಯ ಖಾಲಿ ನೆಲವನ್ನು ಕಾಲಿನಿಂದ ತಟ್ಟಿ ತೋರಿಸಿದ.

“ಇದು ನಿನ್ನ ಸಲುವಾಗಿ ಬಿಟ್ಟೀನಿ. ಚಿಂತಿ ಮಾಡಬ್ಯಾಡ.”

ಬೇಡ ಅನ್ನಲು ನನಗೆ ಬೇರೆ ಜಾಗವಿರಲಿಲ್ಲ. “ಆತು” ಅಂದೆ.